ಅಪ್‌ಡೇಟ್ ಆದ ಮರುದಿನ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲದ ಅವಧಿ ಮುಗಿಯಿತು. 2015ರ ಜುಲೈನಲ್ಲಿ ಬಂದ ಆ ವ್ಯವಸ್ಥೆಯನ್ನು ಬಿಟ್ಟು ಮುಂದಿನದಕ್ಕೆ ಏರಬೇಕಾದ ಕಂಪ್ಯೂಟರ್‌ಗಳು ಎಲ್ಲೆಲ್ಲೂ ಇವೆ: ದೊಡ್ಡಬಳ್ಳಾಪುರದ ಮಗ್ಗದವರಿಗೆ ಸೀರೆ ಅಂಚಿನ ಡಿಸೈನ್ ಮಾಡಿಕೊಡುವ ಅಂಗಡಿಗಳಲ್ಲಿ, ನೆಲಮಂಗಲದ ಗೋದಾಮುಗಳ ಬಿಲ್ಲಿಂಗ್ ಮೇಜಿನ ಮೇಲೆ, ದೇವನಹಳ್ಳಿ ಹೊಸಕೋಟೆಗಳ ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಅರ್ಜಿ ತುಂಬಿಕೊಡುವ ಜೆರಾಕ್ಸ್ ಅಂಗಡಿಗಳಲ್ಲಿ. ಏರಿದ ಮರುದಿನ ಕೇಳುವ ದೂರು ಎಲ್ಲ ಕಡೆಯೂ ಒಂದೇ. ನಿನ್ನೆಯವರೆಗೆ ಚೆನ್ನಾಗಿದ್ದ ಮಿಷನ್ ಇವತ್ತು ತೆವಳುತ್ತಿದೆ. ಫೈಲಿನ ಮೇಲೆ ಎರಡು ಸಲ ಒತ್ತಿ ಅರ್ಧ ನಿಮಿಷ ಕಾಯಬೇಕು. ಯಾರೂ ಮುಟ್ಟದಿದ್ದರೂ ಫ್ಯಾನು ಸದ್ದು ಮಾಡುತ್ತಲೇ ಇರುತ್ತದೆ. ತೀರ್ಪುಗಳೂ ಸಿದ್ಧವಾಗಿಯೇ ಇರುತ್ತವೆ. ಒಬ್ಬರು ಮಿಷನ್ ಹಳೆಯದಾಯಿತು ಎನ್ನುತ್ತಾರೆ, ಇನ್ನೊಬ್ಬರು ವೈರಸ್ ಎನ್ನುತ್ತಾರೆ, ಮತ್ತೊಬ್ಬರು ಹೊಸ ವಿಂಡೋಸೇ ಭಾರ ಎನ್ನುತ್ತಾರೆ. ಮೂವರೂ ಕೊನೆಗೆ ಒಪ್ಪುವ ಮದ್ದು ಒಂದಿದೆ: "ಒಂದ್ಸಲ ಫಾರ್ಮ್ಯಾಟ್ ಹೊಡೆಸಿಬಿಡಿ."

ಈ ತೀರ್ಪುಗಳಲ್ಲಿ ಒಂದೊಂದೂ ಒಂದೊಂದು ಸಲ ನಿಜವಾಗಬಹುದು. ತೊಂದರೆ ಏನೆಂದರೆ, ಯಾವುದನ್ನೂ ಮಿಷನ್ ನೋಡಿ ಕೊಟ್ಟಿರುವುದಿಲ್ಲ. ಅಪ್‌ಗ್ರೇಡ್ ನಂತರದ ನಿಧಾನಕ್ಕೆ ಸಾಮಾನ್ಯವಾಗಿ ಕಾರಣವಾಗುವುದು ತೆರೆಯ ಮೇಲೆ ಕಾಣದೆ ನಡೆಯುವ ಕೆಲಸ, ಅಂದರೆ ಬ್ಯಾಕ್‌ಗ್ರೌಂಡ್ ಪ್ರೊಸೆಸ್. ಅದರಲ್ಲಿ ಮೂರು ಬಗೆ. ಒಂದು, ಹೊತ್ತು ಹಿಡಿದರೂ ಮುಗಿಯುವ ಕೆಲಸ. ಎರಡು, ಎಷ್ಟು ಹೊತ್ತಾದರೂ ಮುಗಿಯದ ಕೆಲಸ. ಮೂರು, ಕೆಲಸವನ್ನೇ ಮಾಡದೆ ಇನ್ಯಾರದೋ ಉತ್ತರಕ್ಕೆ ಕಾಯುತ್ತ ಕೂತಿರುವುದು. ಕುರ್ಚಿಯಲ್ಲಿ ಕೂತವರಿಗೆ ಮೂರೂ ಒಂದೇ ರೀತಿ ಕಾಣುತ್ತವೆ, ಆದರೆ ಒಂದಕ್ಕೆ ಮಾಡುವ ಉಪಚಾರ ಇನ್ನೊಂದನ್ನು ಕೆಡಿಸುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ "ಇದು ಎಷ್ಟು ಶಕ್ತಿ ನುಂಗುತ್ತಿದೆ" ಎಂಬುದಲ್ಲ, "ಇದರ ಕೆಲಸ ಕರಗುತ್ತಿದೆಯೇ" ಎಂಬುದು. ಈ ಪ್ರಶ್ನೆಗೆ ಒಂದು ಸಲ ನೋಡಿದರೆ ಉತ್ತರ ಸಿಗುವುದಿಲ್ಲ. ಬಿಡುವು ಕೊಟ್ಟು ಎರಡು ಸಲ ನೋಡಬೇಕು.

ಹಿನ್ನೆಲೆ ಕೆಲಸವೆಂದರೆ ಕಳ್ಳಕೆಲಸವೆಂಬ ಗುಮಾನಿ ಬೇಡ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಸುಲಭವಾದದ್ದೇ ಅಂಥ ತಂತ್ರಾಂಶಗಳಿಂದ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಇವು ತೆರೆಯ ಮೂಲೆಯಲ್ಲಿ ಒಂದು ಚಿಕ್ಕ ಗುರುತಾಗಿ ನಿಂತು, ಒತ್ತಿದ ಇಂಗ್ಲಿಷ್ ಕೀಲಿಗಳನ್ನು ಹಿಡಿದು ಕನ್ನಡ ಅಕ್ಷರ ಮಾಡಿ ಪಕ್ಕದ ತಂತ್ರಾಂಶಕ್ಕೆ ದಾಟಿಸುತ್ತ ಬಂದಿವೆ. ಸರ್ಕಾರಿ ಕಚೇರಿಗಳಲ್ಲಿ ಟೈಪ್ ಮಾಡುವವರಿಗೆ ಹಿನ್ನೆಲೆ ಕೆಲಸ ಹೊಸತೇನಲ್ಲ. ಅದು ನಿಂತುಹೋದ ದಿನ ಮಾತ್ರ ಅದರ ನೆನಪಾಗುತ್ತದೆ. ಇವತ್ತಿನ ಸಾಧಾರಣ ಕಂಪ್ಯೂಟರಿನಲ್ಲಿ ಬಳಕೆದಾರ ಒಂದೂ ತಂತ್ರಾಂಶ ತೆರೆಯದಿದ್ದರೂ ನೂರಕ್ಕೂ ಹೆಚ್ಚು ಪ್ರೊಸೆಸ್‌ಗಳು ನಡೆಯುತ್ತಿರುತ್ತವೆ. ಗಡಿಯಾರ ಸರಿಮಾಡುವುದು, ಪ್ರಿಂಟರಿನ ಸರದಿ ನೋಡಿಕೊಳ್ಳುವುದು, ವೈರಸ್ ಹುಡುಕುವುದು ಇಂಥವೇ. ಹೆಚ್ಚಿನವು ನಿದ್ದೆಯಲ್ಲೇ ಕಾಲ ಕಳೆಯುತ್ತವೆ. ಹಾಗಿದ್ದರೆ ಅಪ್‌ಗ್ರೇಡ್ ಆದೊಡನೆ ಇವುಗಳಲ್ಲಿ ಕೆಲವು ಎದ್ದು ದುಡಿಯತೊಡಗುವುದು ಯಾಕೆ?

ಕಂಪ್ಯೂಟರ್ ಬೇಗ ಉತ್ತರ ಕೊಡುವುದು ಪ್ರತಿ ಸಲವೂ ಹೊಸದಾಗಿ ಲೆಕ್ಕ ಮಾಡಿ ಅಲ್ಲ, ಹಿಂದೆ ಮಾಡಿಟ್ಟ ಲೆಕ್ಕವನ್ನು ಜೋಪಾನ ಮಾಡಿಕೊಂಡು. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಊರು ಮತ್ತು ಸರ್ವೆ ನಂಬರ್ ಕೊಟ್ಟೊಡನೆ ಅಷ್ಟರಲ್ಲಿ ಒಂದು ಪಹಣಿ ಹೊರಬರುವುದು ಮೊದಲೇ ಕಟ್ಟಿಟ್ಟ ಸೂಚಿ ಇರುವುದರಿಂದ. ವಿಂಡೋಸ್ ಕೂಡ ನಿಮ್ಮ ಫೈಲುಗಳ ಹೆಸರು, ಒಳಗಿನ ಪದಗಳಿಗೆ ಇಂಥ ಸೂಚಿ ಕಟ್ಟಿಟ್ಟುಕೊಳ್ಳುತ್ತದೆ. ಆ್ಯಂಟಿವೈರಸ್ ತಾನು ಪರೀಕ್ಷಿಸಿ ಸರಿಯೆಂದ ಫೈಲುಗಳ ನೆನಪಿಟ್ಟುಕೊಳ್ಳುತ್ತದೆ. ಡಾಟ್‌ನೆಟ್ ಎಂಬ ಚೌಕಟ್ಟಿನಲ್ಲಿ ಬರೆದ ತಂತ್ರಾಂಶಗಳನ್ನು ವಿಂಡೋಸ್ ಆ ಮಿಷನ್ನಿಗೆ ಹೊಂದುವ ಯಂತ್ರಭಾಷೆಗೆ ಮೊದಲೇ ಇಳಿಸಿಟ್ಟಿರುತ್ತದೆ. ವ್ಯವಸ್ಥೆ ಬದಲಾದೊಡನೆ ಈ ಜೋಪಾನದ ಬಹುಪಾಲು ಹಳತಾಗುತ್ತದೆ. ಒಂದು ದೊಡ್ಡ ಸರ್ವೆ ನಂಬರು ಪೋಡಿಯಾಗಿ ಹತ್ತು ಹಿಸ್ಸೆಯಾದರೆ ಜಮೀನು ಇದ್ದಲ್ಲೇ ಇದ್ದರೂ ಹಳೆಯ ನಂಬರನ್ನು ಹೇಳುವ ಪ್ರತಿ ದಾಖಲೆಯನ್ನೂ ತಿದ್ದಬೇಕಾಗುತ್ತದಲ್ಲ, ಇದೂ ಹಾಗೆಯೇ. ನಿಮ್ಮ ಫೈಲುಗಳು ಇದ್ದಂತೆಯೇ ಇವೆ, ಅವುಗಳ ಬಗ್ಗೆ ಮಿಷನ್ ಬರೆದುಕೊಂಡದ್ದು ಮಾತ್ರ ಹೊಸದಾಗಬೇಕು. ಸೂಚಿ ಮರಳಿ ಕಟ್ಟಬೇಕು, ಬದಲಾದ ಸಾವಿರಾರು ಫೈಲುಗಳನ್ನು ಆ್ಯಂಟಿವೈರಸ್ ಮತ್ತೆ ನೋಡಬೇಕು, ಯಂತ್ರಭಾಷೆಗೆ ಮತ್ತೆ ಇಳಿಸಬೇಕು. ಜೊತೆಗೆ ಅಪ್‌ಗ್ರೇಡ್ ಇಷ್ಟವಾಗದಿದ್ದರೆ ಹಿಂದಿರುಗಲು ಬೇಕೆಂದು ಹಳೆಯ ವಿಂಡೋಸನ್ನು 10 ದಿನ ಪಕ್ಕಕ್ಕೆ ಇಟ್ಟುಕೊಂಡು, ಆಮೇಲೆ ಅಳಿಸುವ ಕೆಲಸವೂ ಇರುತ್ತದೆ.

ಇದು ಊಹೆಯಲ್ಲ ಎನ್ನುವುದಕ್ಕೆ ಸಾಕ್ಷಿ ಎಲ್ಲರ ಜೇಬಿನಲ್ಲೂ ಇದೆ. 2014ರ ಕೊನೆಗೆ ಬಂದ ಆಂಡ್ರಾಯ್ಡ್ 5ಕ್ಕೆ ಅಪ್‌ಗ್ರೇಡ್ ಮಾಡಿದವರಿಗೆ ಫೋನ್ ಹತ್ತಿಕೊಳ್ಳುವಾಗ ಒಂದು ಫಲಕ ಕಾಣುತ್ತಿತ್ತು: ಇಷ್ಟು ಆ್ಯಪ್‌ಗಳಲ್ಲಿ ಇಷ್ಟನೆಯದನ್ನು ಅಣಿಗೊಳಿಸಲಾಗುತ್ತಿದೆ ಎಂದು. ಅದೂ ಯಂತ್ರಭಾಷೆಗೆ ಇಳಿಸುವ ಕೆಲಸವೇ. ಎಣಿಕೆ ಮುಗಿಯುವವರೆಗೆ ಫೋನ್ ಬಳಸುವಂತಿರಲಿಲ್ಲ. ಜನ ಬೈದುಕೊಂಡರೂ ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. 2016ರ ಆಂಡ್ರಾಯ್ಡ್ 7ರಲ್ಲಿ ಆ ಫಲಕ ಹೋಯಿತು. ಕೆಲಸ ಹೋಗಲಿಲ್ಲ, ಒಂದಿಷ್ಟು ಬಳಸುವಾಗಲೇ ಆಗುವಂತೆ, ಉಳಿದದ್ದು ಫೋನ್ ಚಾರ್ಜಿಗಿಟ್ಟು ಸುಮ್ಮನಿದ್ದಾಗ ಆಗುವಂತೆ ಹಂಚಿದರು. ಫೋನ್ ಬೇಗ ಕೈಗೆ ಸಿಕ್ಕಿತು, ಬದಲಿಗೆ ಕೆಲಸ ಎಲ್ಲಿಗೆ ಬಂದಿದೆಯೆಂದು ತಿಳಿಯುವ ದಾರಿ ಮುಚ್ಚಿತು. ನನ್ನ ಮಟ್ಟಿಗೆ ಇಂದಿನ ಗೊಂದಲದ ಅರ್ಧ ಪಾಲು ಈ ವಿನಿಮಯದಿಂದ ಬಂದದ್ದು. ತಯಾರಕರು ಕೆಲಸವನ್ನು ಮರೆಮಾಡಿದರು, ಅದರ ಭಾರವನ್ನು ಮರೆಮಾಡಲು ಅವರಿಂದ ಆಗಲಿಲ್ಲ.

ಇಲ್ಲಿ ತಿಳಿದವರೊಬ್ಬರು ತಡೆಯಬಹುದು. ಹಿನ್ನೆಲೆ ಕೆಲಸಕ್ಕೆ ಕೊನೆಯ ಸರದಿ ತಾನೆ? ಬಳಕೆದಾರ ಕೀಲಿ ಒತ್ತಿದೊಡನೆ ಅದು ಬದಿಗೆ ಸರಿಯಬೇಕು, ಮತ್ತೆ ನಿಧಾನ ಹೇಗೆ? ಪ್ರೊಸೆಸರಿನ ಮಟ್ಟಿಗೆ ಈ ಆಕ್ಷೇಪ ಸರಿ. ಯುನಿಕ್ಸ್ ಕಾಲದಿಂದಲೂ ಕೆಲಸಗಳಿಗೆ ಹೆಚ್ಚುಕಡಿಮೆ ಆದ್ಯತೆ ಕೊಡುವ ಏರ್ಪಾಡು ಇದೆ. ಆದರೆ ಹಳೆಯ ಕಂಪ್ಯೂಟರುಗಳಲ್ಲಿ ಇಕ್ಕಟ್ಟಾಗುವುದು ಪ್ರೊಸೆಸರ್ ಅಲ್ಲ, ತಿರುಗುವ ಹಾರ್ಡ್‌ಡಿಸ್ಕ್. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಅದನ್ನು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಮುಳ್ಳು ಸರಿದು ನಿಲ್ಲಲು ಇನ್ನೊಂದು 8-9 ಮಿಲಿಸೆಕೆಂಡು. ಅಲ್ಲೊಂದು ಇಲ್ಲೊಂದು ಇರುವ ಚೂರುಗಳನ್ನು ಓದುವಾಗ ಸೆಕೆಂಡಿಗೆ ಎಂಬತ್ತು ನೂರು ಸಲಕ್ಕಿಂತ ಹೆಚ್ಚು ಸಾಗದು. ಒಂದು ಲಕ್ಷ ಫೈಲುಗಳಿವೆ, ಪ್ರತಿಯೊಂದಕ್ಕೂ ಮೂರು ಸಲ ಡಿಸ್ಕ್ ಮುಟ್ಟಬೇಕು ಎಂದಿಟ್ಟುಕೊಂಡರೆ ಸೂಚಿ ಕಟ್ಟುವುದಕ್ಕೇ ಸುಮಾರು ಒಂದು ಗಂಟೆ ಬೇಕು, ಅದೂ ಬೇರೆ ಯಾರೂ ಡಿಸ್ಕ್ ಮುಟ್ಟದಿದ್ದರೆ. ಮುಳ್ಳು ಒಮ್ಮೆ ಹೊರಟ ಮೇಲೆ ಅರ್ಧದಾರಿಯಲ್ಲಿ ಕರೆಯುವಂತಿಲ್ಲ. ನಿಮ್ಮ ವರ್ಡ್ ಫೈಲ್ ಅದರ ಹಿಂದೆ ಸಾಲು ನಿಲ್ಲಲೇಬೇಕು. ಡಿಸ್ಕಿನ ಸರದಿಗೂ ಆದ್ಯತೆ ಕೊಡುವ ಏರ್ಪಾಡನ್ನು 2007ರ ವಿಂಡೋಸ್ ವಿಸ್ಟಾದಲ್ಲಿ ತಂದರು. ಆದರೂ ವಿಸ್ಟಾ ಬಳಸಿದವರಿಗೆ ಡಿಸ್ಕಿನ ಕಿರಿಕಿರಿ ಸದ್ದು ನೆನಪಿರುತ್ತದೆ. ಇದಕ್ಕೆ ಮೆಮೊರಿಯ ವಿಚಾರ ಬೇರೆ ಸೇರುತ್ತದೆ: ಹಿನ್ನೆಲೆ ಕೆಲಸ ಸಾವಿರಾರು ಫೈಲು ಓದುವಾಗ, ನಿಮಗೆ ಬೇಕೆಂದು ಮೆಮೊರಿಯಲ್ಲಿ ಇರಿಸಿದ್ದನ್ನು ಹೊರದೂಡುತ್ತದೆ, ಆಮೇಲೆ ಅದನ್ನು ಮತ್ತೆ ಅದೇ ಡಿಸ್ಕಿನಿಂದ ತರಬೇಕು. ಎಸ್‌ಎಸ್‌ಡಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ಹೀಗೆ ಓದಬಲ್ಲದು. ಯಂತ್ರಾಂಶಕ್ಕೆ ದುಡ್ಡು ಹಾಕುವುದಿದ್ದರೆ ಮೊದಲು ಎಸ್‌ಎಸ್‌ಡಿಗೆ ಹಾಕಬೇಕೆನ್ನುವುದಕ್ಕೆ ಈ ಲೆಕ್ಕವೇ ಆಧಾರ.

ಮುಗಿಯುವ ಕೆಲಸವನ್ನೂ ಮುಗಿಯದಂತೆ ಮಾಡುವ ಒಂದು ಅಭ್ಯಾಸ ನಮ್ಮ ಕಡೆ ಇದೆ, ಅದನ್ನು ಪುಸ್ತಕಗಳು ಹೇಳುವುದಿಲ್ಲ. ವಿಂಡೋಸ್ 8ರಿಂದ ಈಚೆಗೆ ಸ್ವಯಂ ನಿರ್ವಹಣೆಯ ಕೆಲಸಗಳಿಗೆ ಗೊತ್ತುಮಾಡಿದ ಹೊತ್ತು ನಡುರಾತ್ರಿ ಕಳೆದ ಮೇಲೆ. ಇಡೀ ರಾತ್ರಿ ಕಂಪ್ಯೂಟರ್ ಚಾಲೂ ಇರುವ ಕಡೆಯವರು ಮಾಡಿದ ಏರ್ಪಾಡು ಅದು. ನಮ್ಮ ಅಂಗಡಿ ಕಚೇರಿಗಳಲ್ಲಿ ಸಂಜೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ಚೇ ಆಫ್. ಕರೆಂಟು ಹೋದರೆ ಯುಪಿಎಸ್ ತಡೆಯುವುದು ಫೈಲ್ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು. ರಾತ್ರಿ ಆಗದ ಕೆಲಸ ಮರುದಿನ ಬಿಡುವು ಸಿಕ್ಕಾಗ ಶುರುವಾಗಬೇಕು. ಆದರೆ ಕೌಂಟರಿನ ಕಂಪ್ಯೂಟರಿಗೆ ಬಿಡುವು ಸಿಗುವುದು ಗಿರಾಕಿ ಇಲ್ಲದ ಐದು ನಿಮಿಷ, ಊಟದ ಅರ್ಧ ಗಂಟೆ. ಅಷ್ಟರಲ್ಲಿ ಶುರುವಾಗಿ ಬಿಸಿಯಾಗುವ ಹೊತ್ತಿಗೆ ಮತ್ತೆ ಗಿರಾಕಿ. ಹೀಗೆ ಒಂದು ರಾತ್ರಿಯ ಕೆಲಸ ವಾರಗಟ್ಟಲೆ ಎಳೆಯುತ್ತದೆ, ಆ ವಾರಗಳುದ್ದಕ್ಕೂ ಮಿಷನ್ "ಅಪ್‌ಡೇಟ್ ಆದಾಗಿನಿಂದ ಸ್ಲೋ" ಎನಿಸಿಕೊಳ್ಳುತ್ತದೆ. ತಪ್ಪು ಹೊಸ ವಿಂಡೋಸಿನದೂ ಅಲ್ಲ, ಹಳೆಯ ಮಿಷನ್ನಿನದೂ ಅಲ್ಲ. ಕೆಲಸಕ್ಕೆ ಒಂದು ರಾತ್ರಿ ಸಿಕ್ಕಿಲ್ಲ, ಅಷ್ಟೇ. ಅಪ್‌ಗ್ರೇಡ್ ಆದ ಮೇಲೆ ಒಂದೆರಡು ರಾತ್ರಿ ಮಿಷನ್ ಆರಿಸದೆ ಬಿಡುವುದು ಹಾಗಾಗಿ ಉಪಚಾರವೂ ಹೌದು, ಪರೀಕ್ಷೆಯೂ ಹೌದು. ಬೆಳಗ್ಗೆ ಹಗುರಾದರೆ ಅದು ಮುಗಿಯುವ ಕೆಲಸವಾಗಿತ್ತು. ಆಗದಿದ್ದರೆ ಮುಂದಿನದನ್ನು ಹುಡುಕಬೇಕು.

ಮುಗಿಯದ ಕೆಲಸಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ವಿಂಡೋಸ್ ಎಕ್ಸ್‌ಪಿಯ ಕೊನೆಗಾಲದ್ದು. 2001ರಲ್ಲಿ ಬಂದ ಎಕ್ಸ್‌ಪಿ 2013ರ ಹೊತ್ತಿಗೂ ಲೆಕ್ಕವಿಲ್ಲದಷ್ಟು ಕಡೆ ಬಳಕೆಯಲ್ಲಿತ್ತು. ಆ ವರ್ಷದ ಕೊನೆಯಲ್ಲಿ ಜಗತ್ತಿನಾದ್ಯಂತ ಎಕ್ಸ್‌ಪಿ ಮಿಷನ್‌ಗಳು ಆನ್ ಆದೊಡನೆ ಉಸಿರುಗಟ್ಟಿದಂತಾದವು. ಎಸ್‌ವಿಸಿಹೋಸ್ಟ್ ಎಂಬ ಹೆಸರಿನ ಪ್ರೊಸೆಸ್ ಪ್ರೊಸೆಸರಿನ ಪೂರ್ತಿ ಶಕ್ತಿಯನ್ನು ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ಒಳಗೆ ನಡೆಯುತ್ತಿದ್ದದ್ದು ಅಪ್‌ಡೇಟ್ ಹುಡುಕುವ ಕೆಲಸ. ಇಂಟರ್ನೆಟ್ ಎಕ್ಸ್‌ಪ್ಲೋರರಿನ ಒಂದೊಂದು ಅಪ್‌ಡೇಟೂ ಹಿಂದಿನದರ ಬದಲಿಗೆ ಬಂದದ್ದು. ಆ ಹಿಂದಿನದು ಅದಕ್ಕೂ ಹಿಂದಿನದರ ಬದಲಿಗೆ. ಹನ್ನೆರಡು ವರ್ಷದಲ್ಲಿ ಈ ಸರಪಳಿ 40 ಕೊಂಡಿಯಷ್ಟು ಉದ್ದವಾಗಿತ್ತು. ಯಾವುದು ಬೇಕು ಯಾವುದು ಬೇಡ ಎಂದು ತೀರ್ಮಾನಿಸುವ ಲೆಕ್ಕದ ವಿಧಾನ ಹೇಗಿತ್ತೆಂದರೆ, ಒಂದು ಕೊಂಡಿ ಸೇರಿದರೆ ಕೆಲಸ ಇಮ್ಮಡಿಯಾಗುತ್ತಿತ್ತು. 10 ಕೊಂಡಿಗೆ ಸಾವಿರ ಹೆಜ್ಜೆ, 20ಕ್ಕೆ ಹತ್ತು ಲಕ್ಷ, 30ಕ್ಕೆ ನೂರು ಕೋಟಿ, 40ಕ್ಕೆ ಲಕ್ಷ ಕೋಟಿಯನ್ನೂ ದಾಟುತ್ತದೆ. ಸೆಕೆಂಡಿಗೆ ನೂರು ಕೋಟಿ ಹೆಜ್ಜೆ ಇಡಬಲ್ಲ ಮಿಷನ್ನಿಗೂ 40ರ ಸರಪಳಿಗೆ 18 ನಿಮಿಷ ಬೇಕು. ಇನ್ನು ಐದೇ ಕೊಂಡಿ ಸೇರಿದರೆ ಹತ್ತಿರ ಹತ್ತಿರ ಹತ್ತು ಗಂಟೆ. ಎಕ್ಸ್‌ಪಿ ಹೊಸದಿದ್ದಾಗ ಕ್ಷಣದಲ್ಲಿ ಆಗುತ್ತಿದ್ದ ಅದೇ ಲೆಕ್ಕ, ಒಂದಕ್ಷರವೂ ಬದಲಾಗದೆ, ಹನ್ನೆರಡು ವರ್ಷದ ಮೇಲೆ ಮಿಷನ್ನನ್ನು ಕಟ್ಟಿಹಾಕಿತು.

ಈಗ ಊರಿನ ತೀರ್ಪುಗಳನ್ನು ಇದರ ಮೇಲೆ ಇಟ್ಟು ನೋಡಿ. ಮಿಷನ್ ಹಳೆಯದು ಎನ್ನುವ ಮಾತು ಹೊಂದುವುದಿಲ್ಲ. ಇಮ್ಮಡಿ ವೇಗದ ಪ್ರೊಸೆಸರ್ ಹಾಕಿಸಿದ್ದರೆ ಗಳಿಸುತ್ತಿದ್ದದ್ದು ಒಂದು ಕೊಂಡಿಯಷ್ಟು, ಅಂದರೆ ಮುಂದಿನ ಅಪ್‌ಡೇಟ್ ಬರುವವರೆಗೆ. ವೈರಸ್ ಇರಲಿಲ್ಲ. ಫಾರ್ಮ್ಯಾಟ್ ಹೊಡೆಸಿದವರ ಪಾಡು ಇನ್ನೂ ಕೆಟ್ಟದಾಯಿತು, ಏಕೆಂದರೆ ಹೊಸದಾಗಿ ಕೂರಿಸಿದ ಎಕ್ಸ್‌ಪಿಗೆ ಯಾವ ಅಪ್‌ಡೇಟೂ ಇರುವುದಿಲ್ಲ, ಇಡೀ ಸರಪಳಿಯನ್ನು ಮೊದಲಿನಿಂದ ತೂಗಬೇಕು. ಕೊನೆಗೆ ಉಪಾಯ ಬಂದದ್ದು ಯಾರ ಮೇಜಿನ ಮೇಲಿನ ಮಿಷನ್ನಿಗೂ ಕೈಹಾಕದೆ. 2014ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಸರ್ವರಿನಲ್ಲಿದ್ದ ಪಟ್ಟಿಯಿಂದಲೇ ಆ ಹಳೆಯ ಕೊಂಡಿಗಳನ್ನು ಕಿತ್ತುಹಾಕಿತು, ಎಸ್‌ವಿಸಿಹೋಸ್ಟ್ ತಣ್ಣಗಾಯಿತು. ಎಕ್ಸ್‌ಪಿಯ ಬೆಂಬಲ ಮುಗಿಯಲು ಆಗ ಮೂರು ತಿಂಗಳು ಉಳಿದಿತ್ತು.

ಮುಗಿಯದ ಕೆಲಸಕ್ಕೆ ಇಷ್ಟು ಗಹನವಾದ ಗಣಿತವೇ ಬೇಕೆಂದಿಲ್ಲ. ಸೂಚಿ ಕಟ್ಟುವ ಪ್ರೊಸೆಸ್ ಒಂದು ಕೆಟ್ಟ ಫೈಲನ್ನು ತೆರೆಯಲು ಹೋಗಿ ಕುಸಿಯುತ್ತದೆ. ವ್ಯವಸ್ಥೆ ಅದನ್ನು ಮತ್ತೆ ಎಬ್ಬಿಸುತ್ತದೆ. ಎದ್ದದ್ದು ಅದೇ ಫೈಲಿಗೆ ಹೋಗಿ ಮತ್ತೆ ಕುಸಿಯುತ್ತದೆ. ಇದನ್ನು ಹಿಡಿಯಲು ಒಂದು ಸುಲಭದ ಗುರುತಿದೆ. ಪ್ರತಿ ಪ್ರೊಸೆಸ್‌ಗೂ ಹುಟ್ಟುವಾಗ ಒಂದು ಸಂಖ್ಯೆ ಕೊಡಲಾಗುತ್ತದೆ, ಅದನ್ನು ಪಿಐಡಿ ಎನ್ನುತ್ತಾರೆ. ಹೆಸರು ಅದೇ ಇದ್ದು ಐದೈದು ನಿಮಿಷಕ್ಕೆ ಸಂಖ್ಯೆ ಬೇರೆಯಾಗಿದ್ದರೆ ಅದು ಸತ್ತು ಹುಟ್ಟುತ್ತಿದೆ ಎಂದೇ ಅರ್ಥ. ಇನ್ನು ಕೆಲವು ಪ್ರೊಸೆಸ್‌ಗಳು ತೆಗೆದುಕೊಂಡ ಮೆಮೊರಿಯನ್ನು ಹಿಂದಿರುಗಿಸುವುದಿಲ್ಲ. ಬೆಳಗ್ಗೆ 200 ಎಂಬಿ ಇದ್ದದ್ದು ಸಂಜೆಗೆ 2 ಜಿಬಿ ಆಗಿರುತ್ತದೆ. ಹಳೆಯ ವ್ಯವಸ್ಥೆಗೆಂದು ಕೊಂಡ ಆ್ಯಂಟಿವೈರಸ್ ಹೊಸದಕ್ಕೆ ಸರಿಯಾಗಿ ಹೊಂದದೆ, ವಿಂಡೋಸಿನದೇ ಡಿಫೆಂಡರ್ ಕೂಡ ಎದ್ದು ನಿಂತರೆ ಒಂದೊಂದು ಫೈಲನ್ನೂ ಇಬ್ಬರು ತಪಾಸಣೆ ಮಾಡುತ್ತಾರೆ. ನಿಮ್ಮ ಮಿಷನ್ನಿನಲ್ಲಿ ಗುಟ್ಟಾಗಿ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಮಾಡುವ ದುಷ್ಟ ತಂತ್ರಾಂಶಗಳೂ ಇದೇ ಜಾತಿಗೆ ಸೇರಿದವು, ಅವಕ್ಕೆ ಮುಗಿಸುವ ಉದ್ದೇಶವೇ ಇರುವುದಿಲ್ಲ. ಅವು ಎಸ್‌ವಿಸಿಹೋಸ್ಟ್ ಎಂಬ ಹೆಸರನ್ನೇ ಹಾಕಿಕೊಂಡು ಬರುವುದುಂಟು. ಅಸಲಿಯದು ವಿಂಡೋಸಿನ ಸಿಸ್ಟಂ32 ಫೋಲ್ಡರಿನಲ್ಲಿರುತ್ತದೆ, ಮೈಕ್ರೋಸಾಫ್ಟಿನ ಡಿಜಿಟಲ್ ಸಹಿ ಹೊತ್ತಿರುತ್ತದೆ.

ಮೂರನೆಯ ಬಗೆ, ಬರಿದೆ ಕಾಯುವುದು, ಹೆಚ್ಚು ಮೋಸ ಮಾಡುತ್ತದೆ. ಇಲ್ಲಿ ಪ್ರೊಸೆಸರ್, ಡಿಸ್ಕ್, ಮೆಮೊರಿ ಎಲ್ಲ ಆರಾಮಾಗಿರುತ್ತವೆ, ಮಿಷನ್ ಮಾತ್ರ ಕದಲುವುದಿಲ್ಲ. 2020ರ ನವೆಂಬರ್ 12ರಂದು ಆ್ಯಪಲ್ ಕಂಪನಿ ಬಿಗ್ ಸರ್ ಎಂಬ ಹೊಸ ವ್ಯವಸ್ಥೆಯನ್ನು ಬಿಡುಗಡೆ ಮಾಡಿತು. ಅದೇ ದಿನ ಮ್ಯಾಕ್ ಬಳಸುವವರಿಗೆ ಆ್ಯಪ್‌ಗಳು ತೆರೆಯುವುದೇ ಕಷ್ಟವಾಯಿತು. ಸ್ವಾರಸ್ಯವೆಂದರೆ ಅವರಲ್ಲಿ ಅನೇಕರು ಬಿಗ್ ಸರ್ ಹಾಕಿಕೊಂಡೇ ಇರಲಿಲ್ಲ. ಒಂದು ಆ್ಯಪ್ ತೆರೆಯುವ ಮುನ್ನ ಅದನ್ನು ರೂಪಿಸಿದವರ ಪ್ರಮಾಣಪತ್ರ ಈಗಲೂ ಊರ್ಜಿತವೇ ಎಂದು ಟ್ರಸ್ಟ್‌ಡಿ ಎಂಬ ಹಿನ್ನೆಲೆ ಪ್ರೊಸೆಸ್ ಆ್ಯಪಲ್ಲಿನ ಸರ್ವರನ್ನು ಕೇಳುತ್ತದೆ. ಇಂಟರ್ನೆಟ್ ಇಲ್ಲದಿದ್ದರೆ ಕೇಳದೆ ಮುಂದೆ ಹೋಗುತ್ತದೆ. ಆ ದಿನ ಸರ್ವರ್ ಸತ್ತಿರಲಿಲ್ಲ, ತೀರಾ ನಿಧಾನವಾಗಿತ್ತು. ಆದ್ದರಿಂದ ಪ್ರೊಸೆಸ್ ಕಾಯುತ್ತಲೇ ಇತ್ತು. ವೈಫೈ ಆರಿಸಿದವರ ಮ್ಯಾಕ್ ತಕ್ಷಣ ಚುರುಕಾಯಿತು.

ಕಾಯುವಿಕೆಗೆ ಮಿಷನ್ನಿನ ಶಕ್ತಿ ಮದ್ದಲ್ಲ ಎಂಬುದಕ್ಕೆ ಹೊಸಕೋಟೆಯಲ್ಲೇ ಒಂದು ಶುದ್ಧ ದೃಷ್ಟಾಂತ ಇದೆ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕ್ರೆಸ್ಟ್ ಕೇಂದ್ರ ಅಲ್ಲಿದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಇಲ್ಲಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಆಜ್ಞೆ ಮೇಲೇರಿ ಇಳಿಯಲು ಬೆಳಕಿನ ವೇಗದಲ್ಲೂ ಕಾಲು ಸೆಕೆಂಡು, ಉತ್ತರ ಮರಳಲು ಇನ್ನೊಂದು ಕಾಲು ಸೆಕೆಂಡು. ಹೊಸಕೋಟೆಯಲ್ಲಿ ಎಂಥ ಕಂಪ್ಯೂಟರ್ ತಂದಿಟ್ಟರೂ ಈ ಅರ್ಧ ಸೆಕೆಂಡನ್ನು ಕತ್ತರಿಸಲಾಗದು.

ನಮ್ಮ ತಾಲ್ಲೂಕು ಕಚೇರಿಗಳ ಸುತ್ತ "ಸರ್ವರ್ ಡೌನ್" ಎಂಬ ಮಾತು ಎಲ್ಲ ನಿಧಾನಕ್ಕೂ ಸಲ್ಲುವ ವಿವರಣೆಯಾಗಿದೆ. ನಿಜಕ್ಕೂ ಸರ್ವರ್ ಸೋತ ದಿನಗಳೂ ಇವೆ. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತತ್ತರಿಸಿದಾಗ, ತಂತ್ರಾಂಶವೇ ಸರಿಯಿಲ್ಲ ಎಂಬ ದೂರು ಮೊದಲು ಎದ್ದಿತು. ಬಂದ ಕೋರಿಕೆಗಳ ದಾಖಲೆ ಪರಿಶೀಲಿಸಿದ ಮೇಲೆ ಸರ್ಕಾರ ಬೇರೆ ಕಾರಣ ಹೇಳಿತು: ಋಣಭಾರ ಪ್ರಮಾಣಪತ್ರ ಹುಡುಕುವ ನೆಪದಲ್ಲಿ ನಕಲಿ ಕೋರಿಕೆಗಳ ಪ್ರವಾಹವನ್ನೇ ಹರಿಸಿ ಮಾಡಿದ ದಾಳಿ ಅದು. ತೊಂದರೆ ಅಲ್ಲಿಯದೋ ಇಲ್ಲಿಯದೋ ಎಂದು ತಿಳಿಯಲು ಒಂದು ನಿಮಿಷ ಸಾಕು. ಇಂಟರ್ನೆಟ್ ತಂತಿ ಕಿತ್ತು, ಮಿಷನ್ನಿನಲ್ಲೇ ಇರುವ ಫೈಲೊಂದನ್ನು ತೆರೆದು ನೋಡಿ. ಆಗಲೂ ತೆವಳಿದರೆ ಸರ್ವರನ್ನು ಬೈಯಬೇಡಿ.

ಕಂಪನಿಗಳು ಬೇಕೆಂದೇ ಹಳೆಯ ಮಿಷನ್ ನಿಧಾನ ಮಾಡುತ್ತವೆ, ಹೊಸದು ಕೊಳ್ಳಲಿ ಎಂದು; ನೀವು ಸುಮ್ಮನೆ ಅವರ ಪರ ವಕಾಲತ್ತು ವಹಿಸುತ್ತಿದ್ದೀರಿ ಎನ್ನುವವರಿದ್ದಾರೆ. ಆ ಅನುಮಾನ ಪೂರ್ತಿ ಆಧಾರವಿಲ್ಲದ್ದಲ್ಲ. 2017ರ ಜನವರಿಯ ಒಂದು ಅಪ್‌ಡೇಟಿನಲ್ಲಿ ಆ್ಯಪಲ್, ಬ್ಯಾಟರಿ ಸವೆದ ಐಫೋನುಗಳ ವೇಗ ತಗ್ಗಿಸುವ ಏರ್ಪಾಡನ್ನು ಬಳಕೆದಾರರಿಗೆ ಸ್ಪಷ್ಟವಾಗಿ ಹೇಳದೆ ಸೇರಿಸಿತು. ಫೋನ್ ಇದ್ದಕ್ಕಿದ್ದಂತೆ ಆರಿಹೋಗುವುದನ್ನು ತಪ್ಪಿಸಲು ಎಂಬುದು ಅದರ ಸಮರ್ಥನೆ. ಆ ವರ್ಷದ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು, 2020ರಲ್ಲಿ ಫ್ರಾನ್ಸ್ ಸರ್ಕಾರಕ್ಕೆ 2.5 ಕೋಟಿ ಯೂರೋ ದಂಡ ತೆತ್ತಿತು. ಆದರೆ ಅದು ಸಿಕ್ಕಿಬಿದ್ದದ್ದು ಹೇಗೆ? ಗೀಕ್‌ಬೆಂಚ್ ಎಂಬ ವೇಗ ಅಳೆಯುವ ತಂತ್ರಾಂಶದಲ್ಲಿ ದಾಖಲಾಗಿದ್ದ ಅಂಕಗಳನ್ನು ಅಪ್‌ಡೇಟಿನ ಮೊದಲು ಮತ್ತು ನಂತರ ಎಂದು ಬೇರ್ಪಡಿಸಿ ಇಟ್ಟಾಗ. ಅನುಮಾನ ಎಲ್ಲರಿಗೂ ಇತ್ತು, ಆರೋಪ ನಿಂತದ್ದು ಅಳತೆಯಿಂದ.

ಅಳೆಯುವುದಕ್ಕೆ ಮನೆಯ ಮಿಷನ್ನಿನಲ್ಲಿ ಏನೂ ಕೊಳ್ಳಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಕಂಬಸಾಲುಗಳ ತಲೆಯ ಮೇಲೆ ಒಂದೊಂದಾಗಿ ಒತ್ತಿದರೆ ಹೆಚ್ಚು ನುಂಗುತ್ತಿರುವುದು ಮೇಲೆ ಬರುತ್ತದೆ. ಎಸ್‌ವಿಸಿಹೋಸ್ಟ್ ಕಂಡರೆ ಅದು ಒಂದು ಸೇವೆಯ ಹೆಸರಲ್ಲ, ಸೇವೆಗಳ ಮನೆಯ ಹೆಸರು. 2017ರ ನಂತರದ ವಿಂಡೋಸ್ 10ರಲ್ಲಿ, ಮೆಮೊರಿ ಮೂರೂವರೆ ಜಿಬಿಗಿಂತ ಹೆಚ್ಚಿದ್ದರೆ, ಬಹುಪಾಲು ಸೇವೆಗಳಿಗೆ ಒಂದೊಂದು ಮನೆ ಬೇರೆ ಮಾಡಿರುವುದರಿಂದ ಒಳಗೆ ಯಾರಿದ್ದಾರೆಂದು ಬಿಡಿಸಿ ನೋಡುವುದು ಸುಲಭ. ಲಿನಕ್ಸಿನಲ್ಲಿ ಟಾಪ್ ಎಂದು ಟೈಪ್ ಮಾಡಿದರೆ ಇದೇ ಕಾಣುತ್ತದೆ, ಡಿಸ್ಕಿಗಾಗಿ ಕಾದ ಹೊತ್ತೂ ಪ್ರತ್ಯೇಕವಾಗಿ ಸಿಗುತ್ತದೆ. ಹೆಸರು, ಯಾವ ಕಂಬದಲ್ಲಿ ಎಷ್ಟು, ಪಿಐಡಿ ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿದರೆ ಮೂರರಲ್ಲಿ ಯಾವ ಬಗೆ ಎಂಬುದು ಸಾಮಾನ್ಯವಾಗಿ ತಿಳಿದುಹೋಗುತ್ತದೆ.

ಇಷ್ಟೆಲ್ಲ ಯಾಕೆ, ಎಂಡ್ ಟಾಸ್ಕ್ ಒತ್ತಿದರೆ ಆಯಿತಲ್ಲ ಎನ್ನುವ ಆತುರಕ್ಕೆ ಉತ್ತರ ಈಗಾಗಲೇ ಬಂದಿದೆ. ಮುಗಿಯುವ ಕೆಲಸವನ್ನು ನಿಲ್ಲಿಸಿದರೆ ಮುಗಿಯುವುದು ಇನ್ನಷ್ಟು ತಡ. ಮುಗಿಯದ ಕೆಲಸವನ್ನು ವ್ಯವಸ್ಥೆಯೇ ಮತ್ತೆ ಎಬ್ಬಿಸುತ್ತದೆ. ಸೇವೆಯನ್ನೇ ಶಾಶ್ವತವಾಗಿ ಬಂದ್ ಮಾಡುವುದರಲ್ಲಿ ವಿವೇಚನೆ ಬೇಕು. ಫೈಲು ಹುಡುಕುವ ಅಗತ್ಯವೇ ಬೀಳದ ಜೆರಾಕ್ಸ್ ಅಂಗಡಿಯ ಮಿಷನ್ನಿನಲ್ಲಿ ಸೂಚಿ ಕಟ್ಟುವುದನ್ನು ನಿಲ್ಲಿಸಿದರೆ ನಷ್ಟವೇನಿಲ್ಲ. ಆ್ಯಂಟಿವೈರಸ್ಸಿಗೂ ಅಪ್‌ಡೇಟಿಗೂ ಈ ಮಾತು ಹೊಂದದು. ಅಪ್‌ಡೇಟೇ ಬೇಡ, ಇದ್ದದ್ದೇ ಚೆನ್ನ ಎನ್ನುವವರಿಗೆ 2017ರ ಮೇ 12 ನೆನಪಿಸಬೇಕು. ಅಂದು ಹರಡಿದ ವಾನಾಕ್ರೈ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ವಿಂಡೋಸ್ 7ರವು, ಬಂದ ಅಪ್‌ಡೇಟನ್ನು ಹಾಕಿಕೊಳ್ಳದೆ ಬಿಟ್ಟವು.

ಫಾರ್ಮ್ಯಾಟ್ ಕೆಲವೊಮ್ಮೆ ಫಲ ಕೊಡುತ್ತದೆ ಎಂಬುದನ್ನು ಒಪ್ಪಬೇಕು. ಹೊಂದದ ಡ್ರೈವರ್, ಗಣಿಗಾರ ತಂತ್ರಾಂಶ ಎಲ್ಲ ಗುಡಿಸಿಹೋಗುತ್ತವೆ. ಅದರೊಂದಿಗೆ ಕಾರಣದ ಸಾಕ್ಷ್ಯವೂ ಹೋಗುತ್ತದೆ, ಹಾಗಾಗಿ ಅದೇ ಡ್ರೈವರನ್ನು ಮತ್ತೆ ಹಾಕಿದ ದಿನ ಅದೇ ತೊಂದರೆ ಮರಳುತ್ತದೆ. ಮೇಲಾಗಿ ಫಾರ್ಮ್ಯಾಟ್ ಎಂದರೆ ಎಲ್ಲ ಹಿನ್ನೆಲೆ ಕೆಲಸಗಳೂ ಸೊನ್ನೆಯಿಂದ ಶುರು. ಮಿಷನ್ ಒಪ್ಪಿಸಿದ ಮೊದಲ ದಿನ ಚುರುಕಾಗಿ ಕಂಡು, ಎರಡನೆಯ ದಿನ ಮತ್ತೆ ತೆವಳುವುದು ಅದಕ್ಕೇ. ಫಾರ್ಮ್ಯಾಟಿಗೆ ಕೊಡುವ ದುಡ್ಡಿಗಿಂತ ಹೆಚ್ಚು ನಷ್ಟವಾಗುವುದು ಬ್ಯಾಕಪ್ ಇಲ್ಲದ ಫೈಲುಗಳಿಂದ.

ಕಚೇರಿಯ ಅಥವಾ ಅಂಗಡಿಯ ಕಂಪ್ಯೂಟರುಗಳ ಹೊಣೆ ನಿಮ್ಮದಾಗಿದ್ದರೆ ಒಂದು ಕೋರಿಕೆ. ಅಪ್‌ಗ್ರೇಡನ್ನು ಸೋಮವಾರ ಬೆಳಗ್ಗೆ ಇಟ್ಟುಕೊಳ್ಳಬೇಡಿ. ಎರಡನೇ ಶನಿವಾರದ ಹಿಂದಿನ ಶುಕ್ರವಾರ ಸಂಜೆ ಶುರುಮಾಡಿ. ಫೈಲುಗಳ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ಬಾಗಿಲು ಹಾಕುವಾಗ ಲೈಟು, ಫ್ಯಾನು ಆರಿಸಿ, ಆ ಮಿಷನ್ನಿನ ಸ್ವಿಚ್ಚನ್ನು ಹಾಗೆಯೇ ಬಿಡಿ. ಸೋಮವಾರವೂ ನಿಧಾನವೇ ಇದ್ದರೆ ರಿಪೇರಿಯವರನ್ನು ಕರೆಯಿರಿ, ಬಂದೊಡನೆ ಅವರ ಕೈಗೆ ವಿಂಡೋಸ್ ಸಿಡಿ ಕೊಡದೆ, ಪ್ರೊಸೆಸ್‌ಗಳ ಹೆಸರು, ಪಿಐಡಿ ಬರೆದುಕೊಂಡ ಆ ಚೀಟಿಯನ್ನು ಕೊಡಿ.